ಲಗ್ನದ ಸೀರೆಯ ಕೌದಿ

ಲಕ್ಷ್ಮೇಶ್ವರದಲ್ಲಿ ನಮ್ಮ ಪಕ್ಕದ ಮನೆಯವನು ದುಬೈಯಲ್ಲಿ ವೆಲ್ಡರ್. ರಜೆಗೆ ಬಂದರೆ ನಮ್ಮ ಖಾಲಿ ಕಟ್ಟೆಯ ಮೇಲೂ ಅಂಚಿಗೆ ಮುದುಡಿ ಕೂರುತ್ತಿದ್ದ. ಏನು ಕೇಳಿದರೂ ಒಂದೇ ಮಾತು: “ಅಲ್ಲಿ ಭಾಳ ತುಟ್ಟಿರಿ.”

ಒಮ್ಮೆ ಹೆಂಡತಿಯ ಎದುರಿಗೇ ಹೆಮ್ಮೆಯಿಂದ ಹೇಳಿದ: “ಖೋಲಿ ಯಾರಿಗೆ ನಿಲುಕತೈತ್ರಿ? ಇಬ್ಬರು ಕೂಡಿ ಒಂದ ಕಾಟ್ ಬಾಡಗಿ ಹಿಡದೀವಿ. ರಾತ್ರಿ ನಾ ಮಲಗತೇನಿ, ನಾ ಡ್ಯೂಟಿಗೆ ಹೋದ ಮ್ಯಾಲೆ ಹಗಲೆಲ್ಲಾ ಇನ್ನೊಬ್ಬಾಂವ. ಹಾಸಿಗಿ, ಹೊದಿಕಿ ಎಲ್ಲಾ ಒಂದ.”

“ನನ್ನ ಕೌದಿನೂ?” ಎಂದಳು ಆಕೆ. ತನ್ನ ಲಗ್ನದ ಸೀರೆ ಕತ್ತರಿಸಿ, ಕೈಯಾರೆ ಹೊಲಿದು, ದುಬೈಯಲ್ಲಿ ಹೊದೆಯಲೆಂದು ಆತನಿಗೆ ಕೊಟ್ಟ ಕೌದಿ ಅದು.

“ಅಲ್ಲಿ ಭಾಳ ತುಟ್ಟಿ,” ಎಂದು ನಕ್ಕ.

ಆತ ಮತ್ತೆ ಹೊರಟ ದಿನ ಆಕೆ ಹೊಸ ರಗ್ಗೊಂದನ್ನು ಬ್ಯಾಗಿಗೆ ತುರುಕಿದಳು.

“ಇದು ಅಂಗಡೀದು. ಯಾರು ಬೇಕಾದ್ರೂ ಹೊಚ್ಚಿಕೊಳ್ಳಲಿ.”