ಕಬಿನಿಯ ಆಚೆ ದಡದ ಕೂಗು

ಇಲ್ಲದವರು ಕರೆದರು, ಕಾಣದವರು ಕೂಗಿದರು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದವಳು. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನನಗಾದದ್ದನ್ನು ಮಾತ್ರ ಬರೆಯುತ್ತೇನೆ.

ಆಗ ನಾವು ಕಬಿನಿ ಹೊಳೆಯ ಈಚೆ ದಡದ ಪೆರಿಕಲ್ಲೂರಿನಲ್ಲಿದ್ದೆವು. ಮಗಳು ಗೌರಿಗೆ ಆರು ವರ್ಷ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಕಾಂಪೌಂಡರ್ ಮಲೇರಿಯಾ ಎಂದು ಕಹಿ ಮಾತ್ರೆ ಕೊಟ್ಟರು. ಮುಖ ಬಿಳಿಚಿಕೊಂಡಾಗ ಜಂತುಹುಳುವಿನ ಔಷಧಿ, ಆಮೇಲೆ ಟಾನಿಕ್. ಕಾಲು ನೋವೆಂದು ಅತ್ತರೆ, ಬೆಳೆಯುವ ಮಕ್ಕಳಿಗೆ ಅದೆಲ್ಲ ಇದ್ದದ್ದೇ ಎಂದು ನನ್ನ ಅತ್ತೆ ಎಣ್ಣೆ ತಿಕ್ಕಿದರು. ತೊಡೆಯ ಮೇಲೆ ನೀಲಿ ಕಲೆಗಳೆದ್ದಾಗ ಪಕ್ಕದ ಮನೆಯವಳು, "ಮಗೂಗೆ ಹೊಡೆದ್ಯಾ?" ಎಂದು ನನ್ನನ್ನೇ ಕೇಳಿದಳು. ಒಂದೊಂದಕ್ಕೂ ಒಂದೊಂದು ಕಾರಣ ಸಿಗುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ನೋಡುವವರೇ ಇರಲಿಲ್ಲ.

ಅದೇ ದಿನಗಳಲ್ಲಿ ನಕ್ಸಲರನ್ನು ಹುಡುಕುತ್ತಾ ಪೊಲೀಸರು ಊರು, ಕಾಡು ಎಲ್ಲ ತುಂಬಿದ್ದರು. ಬಸ್ಸು ನಿಂತಿತ್ತು. ಭೂಮಿ ಹೋರಾಟದ ಸಭೆಗೆ ಹೋಗಿದ್ದರೆಂದು ನನ್ನ ಗಂಡನನ್ನು ಹಿಡಿದುಕೊಂಡು ಹೋಗಿದ್ದರು. ಹೊಳೆ ದಾಟಿಸಬಾರದೆಂದು ತೋಣಿಯವರಿಗೂ ಅಪ್ಪಣೆಯಾಗಿತ್ತು.

ಒಂದು ಸಂಜೆ ಗೌರಿಯ ಒಸಡಿನಿಂದ ರಕ್ತ ಒಸರತೊಡಗಿತು. ಬಟ್ಟೆ ಒತ್ತಿದರೂ ನಿಲ್ಲಲಿಲ್ಲ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹೊಳೆಗೆ ಓಡಿದೆ. ತೋಣಿಯ ಕರಿಯನ್ ತಲೆಯಾಡಿಸಿದ. "ಆಗಲ್ಲಕ್ಕ. ಪೊಲೀಸ್ ಕಂಡ್ರೆ ನನ್ನ ಎಲುಬು ಮುರೀತಾರೆ."

ಅಷ್ಟರಲ್ಲಿ ಆಚೆ ದಡದಿಂದ ಕೂಗು ಕೇಳಿತು. "ತಂಗೀ, ಮಗೂನ ತಕ್ಕೊಂಡು ಬಾ! ನಾಳೆ ಅನ್ಬೇಡ!"

ಆಚೆ ದಡದ ಬೈರಕುಪ್ಪೆಯಲ್ಲಿದ್ದ ನನ್ನ ಅಣ್ಣನ ಸ್ವರ. ಕರಿಯನ್ ಕೂಡ ಬೆಚ್ಚಿ ಅತ್ತ ನೋಡಿದ. ಏನನ್ನಿಸಿತೋ, ಹಗ್ಗ ಬಿಚ್ಚಿದ. "ಹತ್ತಕ್ಕ."

ಆಚೆ ದಡ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಮನೆಗೆ ಹೋದರೆ ಅಣ್ಣ ಗಂಟಲು ಬಾತು ಮಲಗಿದ್ದ. ಅವನ ಕೂಗು ಕೇಳಿ ಬಂದೆನೆಂದು ಹೇಳಿದೆ. "ಇವರೆಲ್ಲಿ ಕೂಗ್ತಾರೆ? ಗಂಜಿ ಬೇಕಂದ್ರೂ ಸನ್ನೆ ಮಾಡ್ತಾರೆ" ಎಂದಳು ಅತ್ತಿಗೆ. ಅಣ್ಣ ಮಗುವಿನ ಬಾಯಿ ನೋಡಿದವನೇ ಎದ್ದು ಅಂಗಿ ಹಾಕಿಕೊಂಡ. ಮರ ಸಾಗಿಸುವ ಲಾರಿ ಹತ್ತಿ ಮೈಸೂರು ಸೇರಿದೆವು.

ರಕ್ತದ ಕ್ಯಾನ್ಸರ್ ಎಂದರು ಡಾಕ್ಟರು. ಕೂಡಲೇ ರಕ್ತ ಕೊಟ್ಟರು. "ಇನ್ನೂ ತಡವಾಗಿದ್ರೆ ಇದಕ್ಕೂ ಅವಕಾಶ ಇರ್ತಿರಲಿಲ್ಲ. ಮೊದಲೇ ಯಾಕೆ ಬರ್ಲಿಲ್ಲಮ್ಮ?" ಎಲ್ಲಿಂದ ಶುರು ಮಾಡಿ ಹೇಳಲಿ?

ಗೌರಿ ಎದ್ದು ಓಡಾಡಿದಳು. ಬಿಡುಗಡೆಯಾಗಿ ಬಂದ ಅಪ್ಪನ ಹೆಗಲೇರಿ ನಕ್ಕಳು. ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಕರಿಯನ್ ಸಿಕ್ಕಾಗ ಕೇಳಿದೆ, "ಅವತ್ತು ನಮ್ಮಣ್ಣ ಕೂಗಿದ್ದು ನಿಂಗೂ ಕೇಳಿಸ್ತಲ್ಲ?"

ಅವನು ನನ್ನ ಮುಖವನ್ನೇ ನೋಡಿದ. "ಅಣ್ಣನಾ? ಗಂಡಸಿನ ಸ್ವರ ಅಲ್ಲಕ್ಕ ಅದು. ನಿಮ್ಮ ಮಗಳು, ಗೌರಿಮೋಳ್, ಆ ದಡದಿಂದ ಕರೀತು. 'ಅಮ್ಮಾ, ಬೇಗ ಬಾ' ಅಂತ."

ಆ ಹೊತ್ತು ಗೌರಿ ನನ್ನ ಹೆಗಲ ಮೇಲೆ ಕಣ್ಣು ಮುಚ್ಚಿದ್ದಳು. ಅವಳ ಬಾಯಿ ನನ್ನ ಸೆರಗಿಗೆ ಒತ್ತಿಕೊಂಡಿತ್ತು. ನಾನು ಕೇಳಿದ್ದು ಯಾರ ಸ್ವರ, ಅವನು ಕೇಳಿದ್ದು ಯಾರ ಸ್ವರ, ಇಂದಿಗೂ ನನಗೆ ಗೊತ್ತಾಗಿಲ್ಲ.