ಲಾಲ್‌ಬಾಗಿಗೆ ಹೋದ ಉಡಿ

ಬಿಳಿಚೋಡಿನ ಸುತ್ತಿನ ಹಳ್ಳಿಗಳಲ್ಲಿ ಅವನನ್ನು ಮಲೇರಿಯಾ ಪಾಪಣ್ಣ ಎಂದೇ ಕರೆಯುತ್ತಿದ್ದರು. ಡಿಡಿಟಿ ಪಂಪು ಹೊತ್ತು ಊರೂರು ಸುತ್ತಿ ಗೋಡೆಗಳಿಗೆ ಔಷಧಿ ಹೊಡೆಯುವುದು, ಬಾಗಿಲ ಪಕ್ಕ ಕೆಮ್ಮಣ್ಣಿನಲ್ಲಿ ತಾರೀಖು ಬರೆಯುವುದು ಅವನ ನೌಕರಿ. ಅವನು ಬಂದನೆಂದರೆ ಜನ ಕೂಸು, ಕೋಳಿ, ಪಾತ್ರೆ ಎತ್ತಿಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದರು. ಬೇರೆ ದಿನ ಅವನನ್ನು ಹೊಸಲು ತುಳಿಯಗೊಡದ ಮನೆಗಳಿಗೂ ಪಂಪಿನ ಜೊತೆ ಪ್ರವೇಶವಿತ್ತು. ಹಾಗಾಗಿ ತಾಲ್ಲೂಕಿನ ಎಷ್ಟೋ ಮನೆಗಳನ್ನು ಅವನು ಒಳಗಿನಿಂದ ಕಂಡಿದ್ದ, ಎಲ್ಲವನ್ನೂ ಖಾಲಿಯಾಗಿದ್ದಾಗಲೇ.

ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ ಉಡಚಮ್ಮ. ತಂಗಿ ಗಿಡ್ಡಮ್ಮ ಗಾರೆ ಕೆಲಸದವನೊಬ್ಬನನ್ನು ಮೆಚ್ಚಿ ಬೆಂಗಳೂರಿಗೆ ಹೋಗಿದ್ದಳು. ಅಪ್ಪ ಅವಳ ಹೆಸರೆತ್ತಲು ಬಿಡದೆ ಸತ್ತ. ಅವನು ಸತ್ತ ಮರುವರ್ಷ, ಎಪ್ಪತ್ತೊಂಬತ್ತರ ಪಂಚಮಿ ಹೊತ್ತಿಗೆ, ಉಡಚಮ್ಮ ಮಗಳಿಗೆ ಉಡಿ ಕಟ್ಟಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನ ಕುಂಕುಮ, ಹಸಿರು ಕುಬ್ಬಸದ ಖಣ.

"ತಿರುಗಿ ಮಾತ್ರ ತರಬ್ಯಾಡಪ್ಪ," ಎಂದಳು. "ಹೊಸಲು ದಾಟಿದ ಉಡಿ ವಾಪಸ್ ಬಂದ್ರೆ ಆ ಹೆಣ್ಣಿಗೆ ತವರು ಮುಗದಂಗೆ."

ಗಿಡ್ಡಮ್ಮನ ಗಂಡ ತವರಿನವರನ್ನು ಶೆಡ್ಡಿಗೆ ಸೇರಿಸುತ್ತಿರಲಿಲ್ಲ. ಕಟ್ಟಡ ಮುಗಿದಂತೆ ಶೆಡ್ಡೂ ಜಾಗ ಬದಲಿಸುತ್ತಿತ್ತು. ಅವರ ಜೊತೆ ದುಡಿಯುತ್ತಿದ್ದ ಬಿಳಿಚೋಡಿನ ತಿಪ್ಪೇಶಪ್ಪನೇ ಮಾತು ಒಯ್ದು ಮಾತು ತಂದ. ಭಾನುವಾರ, ಲಾಲ್‌ಬಾಗು, ದೊಡ್ಡ ಮರದ ಕೆಳಗೆ. ಹೇಳಿ ಕಳಿಸಿದ್ದು ಪಾಪಣ್ಣನೇ. ಬಿಳಿಚೋಡಿನಲ್ಲಿ ದೊಡ್ಡ ಮರ ಎಂದರೆ ಊರ ಮುಂದಿನ ಹುಣಸೆಮರ, ಮುಂದೆ ವಿವರಿಸಬೇಕಾಗಿರಲಿಲ್ಲ. ಗಿಡ್ಡಮ್ಮನೂ ಯಾವ ಮರ ಎಂದು ಕೇಳಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಬಂದ ಪಾಪಣ್ಣ ಬೆಳಿಗ್ಗೆ ಲಾಲ್‌ಬಾಗಿನ ಗೇಟು ದಾಟಿ ನಿಂತವನು ಹಾಗೇ ನಿಂತ. ಹೈದರಾಲಿ ಕಾಲದ ತೋಟ. ಕಣ್ಣು ಹಾಯಿಸಿದಲ್ಲೆಲ್ಲ ದೊಡ್ಡ ಮರಗಳೇ. ಒಂದೊಂದೂ ಊರ ಹುಣಸೆಮರವನ್ನು ಬಗಲಲ್ಲಿಟ್ಟುಕೊಳ್ಳುವಷ್ಟು ದೊಡ್ಡದು.

ದಾರಿಗೆ ಹತ್ತಿರವಿದ್ದ, ಕೊಡೆಯಂತೆ ಹರಡಿದ ಮಳೆಮರವೊಂದನ್ನು ಆರಿಸಿ ಕೂತ. ಎದ್ದು ಹುಡುಕೋಣವೆಂದರೆ ಅಷ್ಟರಲ್ಲಿ ಅವಳು ಇಲ್ಲಿಗೇ ಬಂದರೆ? ಕೂತೇ ಇರೋಣವೆಂದರೆ ಅವಳು ಇನ್ನೆಲ್ಲೋ ಕೂತಿದ್ದರೆ? ಗಾಜಿನ ಮನೆಯ ಕಡೆ ಸಂಸಾರಗಳು ಹೋದವು, ಬಂದವು. ಬುತ್ತಿ ಬಿಚ್ಚಿದವು. ಸೀರೆಯುಟ್ಟ ಒಬ್ಬೊಬ್ಬರು ದೂರದಲ್ಲಿ ಗಿಡ್ಡಮ್ಮನಾಗಿ ಕಂಡು, ಹತ್ತಿರ ಬಂದಂತೆ ಬೇರೆಯವರಾದರು. ಅವನು ಏಳಲಿಲ್ಲ.

ಇಳಿಹೊತ್ತಿಗೆ ಕಳೆ ಕೀಳುತ್ತ ಬಂದ ಹೆಂಗಸೊಬ್ಬಳು ನಕ್ಕಳು. "ಏನಣ್ಣ, ಬೇರು ಬಿಟ್ಟುಬಿಟ್ಯಾ? ಹೆಣ್ಣು ನೋಡೋಕೆ ಬಂದಿದ್ಯೇನೋ?"

"ಇಲ್ಲ ತಾಯಿ. ತಂಗಿ ಬರ್ತೀನಂದಿದ್ಳು. ಉಡಿ ಕೊಡೋದೈತೆ."

ಅವಳ ಕೈ ನಿಂತಿತು. "ಅಯ್ಯೋ, ಕೆರೆ ಕಡೆ ಬೂರುಗದ ಮರದ ಕೆಳಗೆ ಒಬ್ಳು ಕೂತಿದ್ಲಲ್ಲ! ಮಧ್ಯಾಹ್ನದ ತನಕ ಅಲ್ಲೇ ನನ್ ಕೆಲಸ. ಅವಳ್ದೂ ನಿನ್ ಥರಾನೇ ಐತೆ ಐತೆ ಅನ್ನೋ ಮಾತು. ನಮ್ಮಣ್ಣ ದೊಡ್ಡ ಮರ ಅಂದವ್ನೆ, ನಾನಿಲ್ಲಿಂದ ಏಳಂಗಿಲ್ಲ ಅಂದ್ಲು. ಮಡಿಲಲ್ಲಿ ಗಂಡುಮಗು."

ಮಗುವಿನ ಸುದ್ದಿ ಪಾಪಣ್ಣನಿಗೆ ಹೊಸದು. ಗಂಟು ಎದೆಗೊತ್ತಿಕೊಂಡು ಓಡಿದ. ಬೂರುಗದ ಮರದ ಬೇರುಗಳು ಆಳೆತ್ತರದ ಗೋಡೆಗಳಂತೆ ನಿಂತಿದ್ದವು. ಸುತ್ತು ಹಾಕಿದ. ಒಂದೊಂದು ಬೇರಿನ ಸಂದಿಯಲ್ಲೂ ಇಣುಕಿ ಹೆಸರು ಹಿಡಿದು ಕೂಗಿದ. ಯಾರೂ ಇರಲಿಲ್ಲ. ಗೇಟಿನವರೆಗೆ ಹೋಗಿ ರಸ್ತೆ ನೋಡಿ ಬಂದ.

ಕತ್ತಲಾಗುವ ಮೊದಲು ಕಳೆ ಕೀಳುವವಳ ಬಳಿ ಮರಳಿದ.

"ಕೊಡು, ಮುಂದಿನ ವಾರ ಬಂದ್ರೆ ಕೊಡ್ತೀನಿ," ಎಂದಳು.

"ಹಂಗೆ ಕೈಯಿಂದ ಕೈಗೆ ದಾಟ್ಸಾಕೆ ಬರಾಂಗಿಲ್ಲ. ತವರಿನೋರೇ ಮಡಿಲಿಗೆ ಹಾಕ್ಬೇಕು." ಗಂಟು ನೋಡಿಕೊಂಡು ಕೇಳಿದ, "ನಿಂಗೆ ತವರೈತಾ?"

"ಇದ್ದಿದ್ರೆ ಭಾನುವಾರ ಕಳೆ ಕೀಳ್ತಿದ್ನಾ?"

"ಹಂಗಾರೆ ನೀನೇ ಸೆರಗೊಡ್ಡವ್ವ."

ಅವಳು ನಗಲು ಹೋಗಿ ಅವನ ಮುಖ ನೋಡಿದಳು. ಮಣ್ಣು ಕೊಡವಿಕೊಂಡು ಎದ್ದು, ಪೂರ್ವಕ್ಕೆ ಮುಖ ಮಾಡಿ ಸೆರಗೊಡ್ಡಿದಳು. ಅವನು ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದ. ಹೆಸರು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮರುದಿನ ಉಡಚಮ್ಮ ಬಾಗಿಲಲ್ಲೇ ಅವನ ಬರಿಗೈ ನೋಡಿ ಉಸಿರು ಬಿಟ್ಟಳು. "ಹೆಂಗವ್ಳೆ?"

"ಅವ್ಳೆ. ಬಿಸಿಲಾಗೆ ದುಡೀತಾಳೆ. ಉಗುರಾಗೆ ಮಣ್ಣು, ಅಂಗೈ ಗಡಸು. ನಗಾಡ್ತಾಳೆ, ಬಾಯಿ ಜೋರು."

"ಸೆರಗೊಡ್ಡಿದ್ಳಾ?"

"ಒಡ್ಡಿದ್ಳು. ಗಂಡು ಕೂಸೈತಬೇ ಆಕೆಗೆ."

ಉಡಚಮ್ಮ ಹೊಸಲ ಮೇಲೆ ಕೂತಳು. ಕೂತಲ್ಲಿಂದಲೇ ತಲೆಯೆತ್ತಿ ಕೇಳಿದಳು, "ಯಾರಂಗೈತೋ?"

ಅಲ್ಲಿಯವರೆಗೆ ತಡೆಯಿಲ್ಲದೆ ಮಾತಾಡಿದ ಪಾಪಣ್ಣ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

"ಮಲಗಿತ್ತು," ಎಂದ. "ನೊಣ ಕೂರ್ತಾವೆ ಅಂತ ಮುಖದ ಮ್ಯಾಲೆ ಸೆರಗು ಹಾಕಿದ್ಳು. ನಾ ಎಬ್ಬಿಸಲಿಲ್ಲ."