ರುಬೀನಿಯನ್ನು ದೋಣಿಯಿಂದ ಎತ್ತಿದ್ದು

ಭೂಕಂಪವಾದ ಮೇಲೆ ನಮ್ಮೂರ ಕ್ಷೌರಿಕ ಪನಯೀಸ್ ತನ್ನ ಹಾಯಿದೋಣಿಯನ್ನೇ ಮನೆ ಮಾಡಲು ಹೊರಟ. ನಮ್ಮ ಕೆಫಲೋನಿಯಾ ದ್ವೀಪದಲ್ಲಿ ನೆಲ ನಡುಗುವುದು ಹೊಸದಲ್ಲ, ಆದರೆ ಈ ಸಲ ಅವನ ಮನೆಯ ಗೋಡೆ ತಳದಿಂದ ಸೂರಿನವರೆಗೆ ಬಾಯ್ಬಿಟ್ಟಿತ್ತು. ಒಳಗೆ ಕಾಲಿಡಕೂಡದೆಂದು ಸರ್ಕಾರದವರು ಬಾಗಿಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಅವನ ತಾಯಿ ರುಬೀನಿಗೆ ಎಂಬತ್ತರ ಹತ್ತಿರ. ಡೇರೆಯಲ್ಲಿ ಮಲಗಲೊಲ್ಲಳು. ಪಾತ್ರಾ ಪಟ್ಟಣದ ಮಗಳ ಮನೆಗೂ ಹೋಗಲೊಲ್ಲಳು.

“ಅಳಿಯನ ಮನೇಲಿ ಉಪ್ಪು ಕೇಳೋಕೂ ಮುಖ ನೋಡ್ಬೇಕು. ನಿನ್ನ ದೋಣೀನೇ ವಾಸಿ,” ಅಂದಳು.

ಅದು ಭಾನುವಾರದ ಮೀನಿಗೆಂದು ಇಟ್ಟುಕೊಂಡಿದ್ದ ಸಣ್ಣ ದೋಣಿ. ಪಕ್ಕದಲ್ಲೇ ನನ್ನ ದೋಣಿ ಇದ್ದುದರಿಂದ ನಾನೂ ಕೈಹಾಕಿದೆ. ಒಳಗೆ ತುಂಬಿದ್ದ ಬಲೆ, ಹರಕು ಹಾಯಿಗಳನ್ನೆಲ್ಲ ದಡಕ್ಕೆ ಎಳೆದು ಹಾಕಿದೆವು. ಅವಳು ಮಲಗುವ ಹಲಗೆಗೆ ಉರುಳದಂತೆ ದಪ್ಪ ಬಟ್ಟೆಯ ತಡೆ ಕಟ್ಟಿದೆವು. ಅಲೆಗೆ ಬಡಿದುಕೊಳ್ಳದಿರಲೆಂದು ಪನಯೀಸ್ ಗಾಜಿನ ಭರಣಿಗಳಿಗೆಲ್ಲ ತನ್ನ ಹಳೆಯ ಕಾಲುಚೀಲ ತೊಡಿಸಿದ.

ಪಾಯಿಖಾನೆಗೆ ಸಮುದ್ರದ ನೀರನ್ನು ಕೈಪಂಪಿನಿಂದ ಎಳೆಯಬೇಕಿತ್ತು. “ಇದಕ್ಕೂ ಬಾವಿ ಸೇದ್ಬೇಕೇನೋ?” ಎಂದು ಅವಳು ನಕ್ಕಳು.

ದೋಣಿಯ ಒಡಲಿನ ಕೋಣೆಗೆ ಏಣಿಯಲ್ಲಿ ಇಳಿಯುವಾಗ ಅವಳನ್ನು ಇಬ್ಬರೂ ತೋಳು ಹಿಡಿದು ಇಳಿಸಿದ್ದೆವು. ಹತ್ತುವ ಮಾತು ಬಂದಾಗಲೇ ಗೊತ್ತಾದದ್ದು: ಆ ಕಡಿದಾದ ಏಣಿಗೆ ಅವಳ ಮಂಡಿ ಏಳುವುದಿಲ್ಲ. ಪನಯೀಸ್ ಏಣಿಯ ಪಕ್ಕಕ್ಕೆ ಕೈಹಿಡಿಗಳನ್ನು ಬಡಿದ, ಮೆಟ್ಟಿಲು ಕಿತ್ತು ಮತ್ತೆ ಹಾಕಿದ. ಏನೂ ಪ್ರಯೋಜನವಾಗಲಿಲ್ಲ. ಅವಳು ಒಳಗೇ ಉಳಿದಳು. ಒಮ್ಮೆ ಮತ್ತೆ ನೆಲ ನಡುಗಿದಾಗ ದೋಣಿಯ ತಳಕ್ಕೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು.

“ಇಲ್ಲಿಗೂ ಬಂತಲ್ಲೋ ಮಗಾ,” ಎಂದಳಷ್ಟೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸ ಶುರುವಾಗುವ ಮೊದಲೇ ಮನೆಯನ್ನು ಕೆಡವಿದರು. ಪನಯೀಸ್ ತಲೆತುಂಬ ಧೂಳು ಹೊತ್ತು ಬಂದ.

“ಅಮ್ಮಂಗೆ ಹೇಳಿದ್ಯಾ?” ಎಂದೆ.

“ಕೆಳಗಿದಾಳಲ್ಲ, ಕಾಣಲ್ಲ. ಆಮೇಲೆ ಹೇಳ್ತೀನಿ.”

ಈಸ್ಟರ್ ದಿನ ಚರ್ಚಿಗೆ ಹೋಗಲೇಬೇಕೆಂದು ರುಬೀನಿ ಹಟ ಹಿಡಿದಳು. ಹಲಗೆಯೊಂದನ್ನು ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ, ಅವಳನ್ನು ಕೂರಿಸಿ, ನಾನು ರಾಟೆ ತಿರುಗಿಸಿದೆ. ಅತ್ತಿತ್ತ ತೂಗದಂತೆ ಪನಯೀಸ್ ಇನ್ನೊಂದು ಹಗ್ಗ ಹಿಡಿದಿದ್ದ.

“ಮದುವೇಲೂ ನನ್ನ ಹಿಂಗೆ ಮೆರೆಸಿರ್ಲಿಲ್ಲ ಕಣ್ರೋ!” ಎಂದು ಅವಳು ಕೂಗಿದಳು. ದೋಣಿಯ ಕಟಾಂಜನ ದಾಟಲೆಂದು ಇನ್ನಷ್ಟು ಎತ್ತಿದೆ. ಮೇಲಿನಿಂದ ಊರು ಕಂಡದ್ದೇ ಅವಳ ನಗು ನಿಂತಿತು.

“ನಮ್ಮ ಹೊಗೆಗೂಡು ಎಲ್ಲೋ?”

ನನಗೆ ಏರಿಸಲೂ ಕೈಬರಲಿಲ್ಲ, ಇಳಿಸಲೂ ಬರಲಿಲ್ಲ.

“ಪನಯೀಸ್, ನಿನ್ನನ್ನೇ ಕೇಳ್ತಿರೋದು.”

“ಕೆಡವಿದ್ರಮ್ಮ.”

“ದಿನಾ ನಾನು ಅಡುಗೆಮನೆಗೆ ಸುಣ್ಣ ಹೊಡಿಸೋ ಮಾತಾಡ್ತಿದ್ದೆ. ನೀನು ಹ್ಞೂಂ ಅಂತಿದ್ದೆಯಲ್ಲೋ.”

ಅವನು ಹಗ್ಗ ಹಿಡಿದುಕೊಂಡೇ ಅತ್ತ. ಕಣ್ಣೊರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ದಡಕ್ಕಿಳಿಸಿದೆವು. ಚರ್ಚಿಗೇನೋ ಹೋದಳು, ಆದರೆ ಮತ್ತೆ ಹಲಗೆಯ ಮೇಲೆ ಕೂರಲಿಲ್ಲ. ಮರುದಿನ ಮಗಳು ಬಂದು ಕರೆದೊಯ್ದಳು. ಪನಯೀಸ್ ತಡೆಯಲಿಲ್ಲ.

ಅವನು ಈಗಲೂ ದೋಣಿಯಲ್ಲೇ ಇದ್ದಾನೆ. ದಡದಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿ ಕೂದಲು ಕತ್ತರಿಸುತ್ತಾನೆ. ತಾಯಿ ಫೋನಿನಲ್ಲಿ ಊರವರನ್ನೆಲ್ಲ ವಿಚಾರಿಸುತ್ತಾಳಂತೆ.

“ಹೋಗಿ ಅಮ್ಮನ್ನ ಕರ್ಕೊಂಡು ಬಾರೋ,” ಎಂದೆ ಒಮ್ಮೆ, ಆ ಕುರ್ಚಿಯಲ್ಲಿ ಕೂತು.

“ಎಲ್ಲಿಗೆ?” ಎಂದ. ನಾನು ಕತ್ತು ಬಗ್ಗಿಸಿದೆ. ಅವನು ಕ್ಷೌರ ಮುಂದುವರಿಸಿದ.